ಕೋಳಿ ಭ್ರೂಣದ ಬೆನ್ನುಹುರಿ ತಾನಾಗಿಯೇ ಮಿಡಿಯುವುದು ಹೇಗೆ

ಕಾವಿಗಿಟ್ಟ ಮೊಟ್ಟೆಯೊಳಗೆ ಕೋಳಿಯ ಭ್ರೂಣ ಮೂರೂವರೆ ನಾಲ್ಕು ದಿನಕ್ಕೆಲ್ಲ ಅಲುಗಾಡಲು ಶುರುಮಾಡುತ್ತದೆ. ಮೊದಲು ಕತ್ತು ವಾಲುತ್ತದೆ, ಆಮೇಲೆ ಮೈ ಬಳುಕುತ್ತದೆ, ದಿನ ಕಳೆದಂತೆ ಕಾಲು ರೆಕ್ಕೆಗಳೂ ಸೇರಿಕೊಳ್ಳುತ್ತವೆ. ಆ ಮೊದಲ ದಿನಗಳಲ್ಲಿ ಅದರ ಚರ್ಮವನ್ನು ಮೆಲ್ಲಗೆ ಮುಟ್ಟಿ ನೋಡಿದರೆ ಏನೂ ಆಗುವುದಿಲ್ಲ. ಮುಟ್ಟಿದ್ದಕ್ಕೆ ಪ್ರತಿಕ್ರಿಯೆ ಬರುವುದು ಏಳನೇ ದಿನ ದಾಟಿದ ಮೇಲೆ. ಜರ್ಮನಿಯ ಯೇನಾದಲ್ಲಿದ್ದ ವಿಲಿಯಂ ಪ್ರೇಯರ್ ಇದನ್ನು 1885ರಲ್ಲೇ ಬರೆದಿಟ್ಟಿದ್ದರು. ಸ್ಪರ್ಶ ತಿಳಿಯುವುದಕ್ಕೆ ಮೂರು ದಿನ ಮೊದಲೇ ಚಲನೆ ಇದೆ ಎಂದಾದರೆ ಆ ಚಲನೆ ಹೊರಗಿನ ಯಾವ ಪ್ರಚೋದನೆಗೂ ಕೊಟ್ಟ ಉತ್ತರವಲ್ಲ.

ಇದನ್ನು ಗಟ್ಟಿಯಾಗಿ ಸಾಬೀತು ಮಾಡಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಮತ್ತು ಸಂಗಡಿಗರು. 1966ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಎರಡು ದಿನದ ಭ್ರೂಣದ ಬೆನ್ನುಹುರಿಯಲ್ಲಿ ಎದೆಭಾಗದ ಕೆಲವು ಖಂಡಗಳನ್ನು ತೆಗೆದುಹಾಕಿದರು. ಮಿದುಳಿನಿಂದ ಕಾಲಿನ ಭಾಗಕ್ಕೆ ಬರುವ ದಾರಿ ಅಲ್ಲಿಗೆ ಕಡಿದುಹೋಯಿತು. ಜೊತೆಗೆ ಕಾಲಿನ ಭಾಗದ ಬೆನ್ನುಹುರಿಯ ಬೆನ್ನಕಡೆಯ ಅರ್ಧವನ್ನೂ ತೆಗೆದರು, ಹಾಗಾಗಿ ಸಂವೇದನೆಯ ದಾರಿಯೂ ಹೋಯಿತು. ಉಳಿದದ್ದು ಹೊಟ್ಟೆಕಡೆಯ ಒಂದಿಷ್ಟು ನರಕೋಶ, ಅವುಗಳಿಂದ ಹೊರಟು ಕಾಲಿನ ಸ್ನಾಯು ಸೇರುವ ನರಗಳು, ಅಷ್ಟೇ. ಆದರೂ ಆ ಕಾಲುಗಳು ಸುಮಾರು 15ನೇ ದಿನದವರೆಗೂ ಹೆಚ್ಚುಕಡಿಮೆ ಎಂದಿನಂತೆಯೇ ಕಂತುಕಂತಾಗಿ ಆಡಿದವು. ಕೆಲ ಹೊತ್ತು ಚಲನೆ, ಆಮೇಲೆ ವಿರಾಮ, ಮತ್ತೆ ಚಲನೆ. ಭ್ರೂಣಶಾಸ್ತ್ರದಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡ ಪ್ರಶ್ನೆಯನ್ನು ಇತ್ಯರ್ಥ ಮಾಡಿದ ಪ್ರಯೋಗಗಳು ಕಡಿಮೆ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಆ ಒಂದಿಷ್ಟು ನರಕೋಶಗಳು ಯಾರೂ ಹೇಳದೆ ಲಯ ಹಿಡಿಯುವುದು ಹೇಗೆ? ಮೊದಲು ಹೊಳೆಯುವ ಊಹೆ ಪೇಸ್‌ಮೇಕರ್ ಕೋಶದ್ದು: ಹೃದಯದಲ್ಲಿ ಇರುವ ಹಾಗೆ ಎಲ್ಲೋ ಒಂದು ಗುಂಪು ತಾನಾಗಿಯೇ ಮಿಡಿಯುತ್ತದೆ, ಉಳಿದವು ಹಿಂಬಾಲಿಸುತ್ತವೆ ಎನ್ನುವುದು. ಕೋಳಿಯ ಬೆನ್ನುಹುರಿಯಲ್ಲಿ ಈ ಊಹೆಯ ಅಗತ್ಯವೇ ಬೀಳಲಿಲ್ಲ. ಅದನ್ನು ಅರ್ಥಮಾಡಿಕೊಳ್ಳಲು ಪ್ರಯೋಗದ ಮೇಜಿನಿಂದಲೇ ಶುರುಮಾಡಬೇಕು.

ಲಿನ್ ಲ್ಯಾಂಡ್‌ಮೆಸರ್ ಮತ್ತು ಮೈಕೆಲ್ ಓಡೊನೊವನ್ 1980ರ ದಶಕದಲ್ಲಿ ಬಳಕೆಗೆ ತಂದ ವಿಧಾನದಲ್ಲಿ ಬೆನ್ನುಹುರಿಯನ್ನು ಹೊರತೆಗೆದು ದ್ರಾವಣದಲ್ಲಿಟ್ಟು ಗಂಟೆಗಟ್ಟಲೆ ಜೀವಂತ ಇಡಲಾಗುತ್ತದೆ. ಅಂಗಡಿಯ ಮೊಟ್ಟೆ ಬರುವುದಿಲ್ಲ, ಹ್ಯಾಚರಿಯ ಫಲಿತ ಮೊಟ್ಟೆಯೇ ಬೇಕು. 37.5ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವಾಂಶವಿರುವ ಇನ್‌ಕ್ಯುಬೇಟರಿನಲ್ಲಿ ಹತ್ತು ದಿನ ಕಾವು ಕೊಡಬೇಕು. ಆದರೂ ದಿನದ ಲೆಕ್ಕವನ್ನೇ ನಂಬಬಾರದು. ಕೊಕ್ಕು, ಕಾಲ್ಬೆರಳು, ಪುಕ್ಕದ ಮೊಳಕೆ ನೋಡಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಮಾಡಿದ 46 ಹಂತಗಳ ಪಟ್ಟಿಗೆ ಹೋಲಿಸಬೇಕು. ಹತ್ತನೇ ದಿನದ ಭ್ರೂಣ 36ನೇ ಹಂತದ ಹತ್ತಿರ ಇರುತ್ತದೆ. ಒಂದೇ ದಿನ ಕಾವಿಗಿಟ್ಟ ಮೊಟ್ಟೆಗಳಲ್ಲೂ ಅರ್ಧ ದಿನದ ಹೆಚ್ಚುಕಡಿಮೆ ಸಾಮಾನ್ಯ, ಲಯದ ಅಳತೆಯಲ್ಲಿ ಅದು ಎದ್ದು ಕಾಣುತ್ತದೆ.

ದ್ರಾವಣ ಟೈರೋಡ್ ಬಗೆಯದು, ಅಂದರೆ ದೇಹದ್ರವವನ್ನು ಹೋಲುವ ಲವಣ ದ್ರಾವಣ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 8.12 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.22 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 1.43 ಗ್ರಾಂ, ಗ್ಲುಕೋಸ್ 2.2 ಗ್ರಾಂ, ಎರಡು ನೀರಿನಣುಗಳಿರುವ ಕ್ಯಾಲ್ಸಿಯಂ ಕ್ಲೋರೈಡ್ 0.44 ಗ್ರಾಂ, ಆರು ನೀರಿನಣುಗಳಿರುವ ಮೆಗ್ನೀಸಿಯಂ ಕ್ಲೋರೈಡ್ 0.2 ಗ್ರಾಂ. ಮಿಲಿಮೋಲಾರ್ ಲೆಕ್ಕದಲ್ಲಿ ಕ್ರಮವಾಗಿ 139, 2.9, 17, 12.2, 3, 1. ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ಇದರಲ್ಲಿ ಗುಳ್ಳೆಯಾಡಿಸುತ್ತಲೇ ಇರಬೇಕು. ಕ್ಯಾಲ್ಸಿಯಂ ಹಾಕುವುದು ಕೊನೆಯಲ್ಲಿ, ಅನಿಲ ಹರಿಯಲು ಶುರುವಾದ ಮೇಲೆ. ಮೊದಲೇ ಹಾಕಿದರೆ ಬೈಕಾರ್ಬನೇಟ್ ದ್ರಾವಣ ಕ್ಷಾರೀಯವಾಗಿ ಸುಣ್ಣದಂಥ ಬಿಳಿ ಗಸಿ ಕೂರುತ್ತದೆ. ಗಸಿ ಕಂಡರೆ ಇಡೀ ಲೀಟರನ್ನು ಚೆಲ್ಲಿಬಿಡುವುದೇ ಸರಿ, ಏಕೆಂದರೆ ಒಳಗೆ ಎಷ್ಟು ಕ್ಯಾಲ್ಸಿಯಂ ಉಳಿದಿದೆ ಎನ್ನುವುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಬಿಡಿಸುವ ಕೆಲಸ 12ರಿಂದ 15 ಡಿಗ್ರಿ ತಂಪಿನಲ್ಲಿ ನಡೆಯಬೇಕು. ತಲೆ ಬೇರ್ಪಡಿಸಿ, ಒಳಾಂಗ ತೆಗೆದು, ಭ್ರೂಣವನ್ನು ಬೆನ್ನಡಿಯಾಗಿ ಪಿನ್ ಮಾಡಿ, ಹೊಟ್ಟೆಕಡೆಯಿಂದ ಕಶೇರುಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಬೆನ್ನುಹುರಿಯನ್ನು ತೆರೆಯಬೇಕು. ಕಾಲಿಗೆ ಹೋಗುವ ನರಗಳ ಬುಡ ಎಳೆತಕ್ಕೆ ಸಿಕ್ಕರೆ ಕೆಲಸ ಕೆಟ್ಟಂತೆ: ಮೇಲುನೋಟಕ್ಕೆ ನರ ಸರಿಯಾಗಿಯೇ ಕಾಣುತ್ತದೆ, ಸಂಕೇತ ಮಾತ್ರ ಬರುವುದಿಲ್ಲ. ಆಮೇಲೆ ತಾಪವನ್ನು ನಿಧಾನವಾಗಿ 27–28 ಡಿಗ್ರಿಗೆ ಏರಿಸಿ, ನರದ ತುದಿಯನ್ನು ಅದಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಗಾಜಿನ ಹೀರು ಎಲೆಕ್ಟ್ರೋಡ್‌ನೊಳಕ್ಕೆ ಎಳೆದುಕೊಂಡು ದಾಖಲಿಸುತ್ತಾರೆ.

ಕಾಣುವುದೇನು? ಬಹಳ ಹೊತ್ತು ನೆಟ್ಟಗಿನ ಗೆರೆ. ಆಮೇಲೆ ಏಕಾಏಕಿ ಗೆರೆ ಏರಿ, ಆ ಏರಿನ ಮೇಲೆ ಸೆಕೆಂಡಿಗೆ ಒಂದು ಅಥವಾ ಅದಕ್ಕಿಂತ ನಿಧಾನವಾಗಿ ಸಾಲು ಮಿಡಿತಗಳು. ಅರ್ಧ ನಿಮಿಷದಿಂದ ಒಂದೂವರೆ ನಿಮಿಷದೊಳಗೆ ಎಲ್ಲ ಮುಗಿದು ಗೆರೆ ಮತ್ತೆ ಇಳಿಯುತ್ತದೆ. ಮುಂದಿನ ಕಂತಿಗೆ ಹತ್ತು ಹದಿನೈದು ನಿಮಿಷ ಕಾಯಬೇಕು, ಕೆಲವೊಮ್ಮೆ ಇಪ್ಪತ್ತನ್ನೂ ದಾಟುತ್ತದೆ. ಇನ್ನೂ ಎಳೆಯ ಭ್ರೂಣದಲ್ಲಿ ಕಂತುಗಳು ಚಿಕ್ಕವು, ಬೇಗಬೇಗ ಬರುತ್ತವೆ.

ಈ ಅಳತೆಯಲ್ಲಿ ಎಡವುವ ಜಾಗಗಳು ಹಲವು. ಆಂಪ್ಲಿಫೈಯರನ್ನು ಎಸಿ ಜೋಡಣೆಯಲ್ಲಿಟ್ಟರೆ (ಬೇಗಬೇಗ ಬದಲಾಗುವ ಸಂಕೇತವನ್ನಷ್ಟೇ ಒಳಬಿಡುವ ಜೋಡಣೆ ಅದು) ನಿಧಾನದ ಏರು ಪೂರ್ತಿ ಮಾಯವಾಗಿ ಸಣ್ಣ ಮಿಡಿತಗಳಷ್ಟೇ ಉಳಿಯುತ್ತವೆ, ಆಗ ಕಂತು ಎಲ್ಲಿ ಮುಗಿಯಿತು ಎನ್ನುವುದೇ ಗೊತ್ತಾಗುವುದಿಲ್ಲ. ನಿಧಾನದ ಬದಲಾವಣೆಯನ್ನೂ ಒಳಬಿಡುವ ಡಿಸಿ ಜೋಡಣೆಯಲ್ಲೇ ದಾಖಲಿಸಬೇಕು. ಕೋಣೆಯ ಏರ್ ಕಂಡಿಷನರ್ ಚಾಲೂ ಆಗಿ ದ್ರಾವಣ ಎರಡು ಡಿಗ್ರಿ ತಣ್ಣಗಾದರೆ ಅಂತರ ಉದ್ದವಾಗುತ್ತದೆ, ಅದನ್ನು ಔಷಧದ ಪರಿಣಾಮ ಎಂದುಕೊಳ್ಳುವುದು ಬಹಳ ಸುಲಭ. ದ್ರಾವಣ ಆವಿಯಾಗಿಯೋ ತೂಕದಲ್ಲಿ ತಪ್ಪಾಗಿಯೋ ಪೊಟ್ಯಾಸಿಯಂ ಏರಿದರೆ ಅಂತರ ಕುಗ್ಗುತ್ತದೆ. ಬಿಡಿಸಿದ ಮೊದಲ ಕೆಲವು ಗಂಟೆಗಳಲ್ಲಿ ಲಯ ಇನ್ನೂ ನೆಲೆಗೊಂಡಿರುವುದಿಲ್ಲ, ಆಗ ತೆಗೆದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಈಗ ಕಾರಣಕ್ಕೆ ಬರೋಣ. ಎಳೆಯ ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಎಲ್ಲ ಸಂಪರ್ಕಗಳೂ ಉದ್ರೇಕಿಸುವಂಥವು. ಕೋಶದಿಂದ ಕೋಶಕ್ಕೆ ಸಂಕೇತ ದಾಟಿಸುವುದು ರಾಸಾಯನಿಕಗಳು. ಗ್ಲುಟಮೇಟ್ ಮತ್ತು ಅಸಿಟೈಲ್‌ಕೋಲಿನ್ ಉದ್ರೇಕಿಸುವುದು ಸರಿ, ಆದರೆ ಬೆಳೆದ ಪ್ರಾಣಿಯಲ್ಲಿ ತಡೆಯೊಡ್ಡುವ ಗಾಬಾ ಮತ್ತು ಗ್ಲೈಸಿನ್ ಕೂಡ ಈ ವಯಸ್ಸಿನಲ್ಲಿ ಉದ್ರೇಕಿಸುವ ಕಡೆಗೇ ಸೇರಿಕೊಂಡಿರುತ್ತವೆ. ಇಂಥ ಜಾಲದಲ್ಲಿ ಕೆಲವು ಕೋಶಗಳು ಆಕಸ್ಮಿಕವಾಗಿ ಒಟ್ಟಿಗೆ ಸಿಡಿದರೆ ಸಾಕು, ಅವು ನೆರೆಯವನ್ನು ಎಬ್ಬಿಸುತ್ತವೆ, ಅವು ಮತ್ತಷ್ಟನ್ನು ಎಬ್ಬಿಸುತ್ತವೆ, ನೋಡುನೋಡುತ್ತಿದ್ದಂತೆ ಇಡೀ ಜಾಲ ಎದ್ದು ನಿಲ್ಲುತ್ತದೆ. ಹತ್ತನೇ ದಿನದ ಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳಿಂದ ಸಂಕೇತ ಪಡೆದು ಗಾಬಾ ಸುರಿಸುವ ಒಂದು ಬಗೆಯ ನಡುಕೋಶಗಳು ಈ ಆರಂಭಕ್ಕೆ ನೆರವಾಗುತ್ತವೆ ಎಂದು ಪೀಟರ್ ವೆನ್ನರ್ ಮತ್ತು ಓಡೊನೊವನ್ 2001ರಲ್ಲಿ ತೋರಿಸಿದರು. ಹಾಗೆಂದು ಅವನ್ನು ಪೇಸ್‌ಮೇಕರ್ ಎನ್ನಲಾಗದು. ಆ ಕೊಂಡಿಯನ್ನು ಔಷಧದಿಂದ ಮುಚ್ಚಿದರೂ ಜಾಲ ಬೇರೆ ದಾರಿಯಲ್ಲಿ ಮತ್ತೆ ಏಳುತ್ತದೆ.

ಏಳುವುದು ಸುಲಭ, ನಿಲ್ಲುವುದು ಹೇಗೆ ಎನ್ನುವುದೇ ನಿಜವಾದ ಪ್ರಶ್ನೆ. ತಡೆಯೊಡ್ಡುವ ಕೋಶಗಳಿಲ್ಲದ ಜಾಲ ಒಮ್ಮೆ ಎದ್ದರೆ ಎದ್ದೇ ಇರಬೇಕಲ್ಲ! ಅದನ್ನು ಇಳಿಸುವುದು ಕೋಶಕೋಶಗಳ ನಡುವಿನ ಸಂಪರ್ಕದ ಜಾಗಗಳಾದ ಸಿನಾಪ್ಸ್‌ಗಳ ಬಳಲಿಕೆ. ಕಂತು ಮುಗಿದ ತಕ್ಷಣ ನರವನ್ನು ಪ್ರಚೋದಿಸಿ ಅಳೆದರೆ ಸಿನಾಪ್ಸ್‌ನ ಪ್ರತಿಕ್ರಿಯೆ ಸ್ಪಷ್ಟವಾಗಿ ಕುಗ್ಗಿರುತ್ತದೆ, ಮುಂದಿನ ನಿಮಿಷಗಳಲ್ಲಿ ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ಜೋಯಲ್ ಟಬಾಕ್, ವಾಲ್ಟರ್ ಸೆನ್, ಓಡೊನೊವನ್ ಮತ್ತು ಜಾನ್ ರಿನ್ಜೆಲ್ 2000ದಲ್ಲಿ ಪ್ರಕಟಿಸಿದ ಗಣಿತ ಮಾದರಿ ಇದನ್ನು ಮೂರೇ ಚರಗಳಲ್ಲಿ ಹಿಡಿದಿಟ್ಟಿತು: ಜಾಲದ ಸರಾಸರಿ ಚಟುವಟಿಕೆ, ಸೆಕೆಂಡುಗಳಲ್ಲಿ ಬಂದುಹೋಗುವ ಕ್ಷಿಪ್ರ ಬಳಲಿಕೆ, ನಿಮಿಷಗಟ್ಟಲೆ ತೆಗೆದುಕೊಳ್ಳುವ ನಿಧಾನ ಬಳಲಿಕೆ. ಕ್ಷಿಪ್ರ ಬಳಲಿಕೆಯಿಂದ ಕಂತಿನೊಳಗಿನ ಒಂದೊಂದು ಮಿಡಿತ, ನಿಧಾನ ಬಳಲಿಕೆಯಿಂದ ಇಡೀ ಕಂತಿನ ಆರಂಭ ಮತ್ತು ಅಂತ್ಯ. ಮಾದರಿಯ ಯಾವ ಕೋಶಕ್ಕೂ ತನ್ನದೇ ಲಯವಿಲ್ಲ. ಸಿನಾಪ್ಸ್‌ಗಳು ಪೂರ್ತಿ ಚೇತರಿಸಿಕೊಂಡಾಗ ಜಾಲಕ್ಕೆ ಎದ್ದ ಸ್ಥಿತಿ ಒಂದೇ ಸಾಧ್ಯ, ಪೂರ್ತಿ ಬಳಲಿದಾಗ ಮಲಗಿದ ಸ್ಥಿತಿ ಒಂದೇ ಸಾಧ್ಯ. ನಡುವಿನ ವಿಸ್ತಾರದಲ್ಲಿ ಎರಡೂ ಸಾಧ್ಯ, ಮೊದಲು ಯಾವುದರಲ್ಲಿತ್ತೋ ಅದರಲ್ಲೇ ಮುಂದುವರಿಯುತ್ತದೆ. ಏರುವ ಮಿತಿ ಮತ್ತು ಇಳಿಯುವ ಮಿತಿ ಬೇರೆಬೇರೆ ಇರುವುದರಿಂದಲೇ ಜಾಲ ನಡುವೆಲ್ಲೋ ನಿಂತುಬಿಡದೆ ಸುತ್ತು ಹಾಕುತ್ತಲೇ ಇರುತ್ತದೆ.

ನಿಧಾನ ಬಳಲಿಕೆಯ ಹಿಂದಿರುವ ಒಂದು ವಸ್ತು ಕ್ಲೋರೈಡ್. ಎಳೆಯ ನರಕೋಶದ ಪೊರೆಯಲ್ಲಿರುವ ಎನ್‌ಕೆಸಿಸಿ1 ಎಂಬ ಪ್ರೋಟೀನು ಸೋಡಿಯಂ, ಪೊಟ್ಯಾಸಿಯಂಗಳ ಜೊತೆಗೆ ಕ್ಲೋರೈಡನ್ನು ಒಳಕ್ಕೆ ತುಂಬುತ್ತಿರುತ್ತದೆ. ಹಾಗಾಗಿ ಗಾಬಾ ಬಾಗಿಲು ತೆರೆದಾಗ ಕ್ಲೋರೈಡ್ ಹೊರಗೆ ಹರಿದು ಕೋಶ ಉದ್ರೇಕಗೊಳ್ಳುತ್ತದೆ. ಮೇಲೆ ಕೊಟ್ಟ ದ್ರಾವಣದಲ್ಲಿ ಒಟ್ಟು ಕ್ಲೋರೈಡ್ ಸುಮಾರು 150 ಮಿಲಿಮೋಲಾರ್. ಕೋಶದೊಳಗೆ 30 ಇದೆ ಎಂದು ಹಿಡಿದು 27 ಡಿಗ್ರಿಯಲ್ಲಿ, ಒಳಹೊರಗಿನ ಸಾಂದ್ರತೆಯಿಂದ ವೋಲ್ಟೇಜು ಲೆಕ್ಕಹಾಕುವ ನರ್ನ್‌ಸ್ಟ್ ಸೂತ್ರ ಹಾಕಿದರೆ ಕ್ಲೋರೈಡಿನ ಸಮತೋಲ ವೋಲ್ಟೇಜು, ಅಂದರೆ ಅದರ ನಿವ್ವಳ ಹರಿವು ನಿಲ್ಲುವ ವೋಲ್ಟೇಜು, ಮೈನಸ್ 42 ಮಿಲಿವೋಲ್ಟ್ ಬರುತ್ತದೆ. ಕೋಶ ಮೈನಸ್ 60ರಲ್ಲಿ ವಿಶ್ರಮಿಸುತ್ತಿದ್ದರೆ ಮೇಲಕ್ಕೆ ತಳ್ಳುವ ಬಲ 18 ಮಿಲಿವೋಲ್ಟ್. ಒಂದು ಕಂತಿನಲ್ಲಿ ಒಳಗಿನ ಕ್ಲೋರೈಡ್ 30ರಿಂದ 20ಕ್ಕೆ ಇಳಿಯಿತು ಎನ್ನಿ, ಸಮತೋಲ ಮೈನಸ್ 52ಕ್ಕೆ ಜಾರುತ್ತದೆ, ತಳ್ಳುವ ಬಲ 8 ಮಿಲಿವೋಲ್ಟಿಗೆ ಬೀಳುತ್ತದೆ. ಕ್ಲೋರೈಡ್ ಕಳೆದುಹೋದದ್ದು ಮೂರರಲ್ಲಿ ಒಂದು ಪಾಲು, ಗಾಬಾದ ಶಕ್ತಿ ಕಳೆದುಹೋದದ್ದು ಅರ್ಧಕ್ಕಿಂತ ಹೆಚ್ಚು. 30, 20 ಎಂಬವು ಲೆಕ್ಕಕ್ಕೆ ಹಿಡಿದ ಅಂಕಿಗಳು, ಆದರೆ ಕಂತಿನ ನಂತರ ಗಾಬಾದ ಪರಿಣಾಮ ಕುಗ್ಗುವುದನ್ನು ನಿಕೊಲಾಯ್ ಚುಬ್ ಮತ್ತು ಓಡೊನೊವನ್ 2001ರಲ್ಲಿ ಕೋಶದಿಂದಲೇ ಅಳೆದು ತೋರಿಸಿದ್ದಾರೆ. ಎನ್‌ಕೆಸಿಸಿ1 ಈ ನಷ್ಟವನ್ನು ತುಂಬುವುದು ನಿಧಾನವಾಗಿ. ನಿಮಿಷಗಟ್ಟಲೆಯ ಮೌನಕ್ಕೆ ಇದೊಂದೇ ಕಾರಣವಲ್ಲ, ಆದರೆ ಅಷ್ಟು ದೀರ್ಘ ಕಾಲಾವಧಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕೈಗೆ ಸಿಗುವಂಥ ಉತ್ತರ ಇದು.

ಈ ವಿವರಣೆ ಸರಿಯೋ ಇಲ್ಲವೋ ಎಂದು ದಾಖಲೆಯಿಂದಲೇ ಪರೀಕ್ಷಿಸುವ ದಾರಿಯೊಂದಿದೆ, ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ಪ್ರತಿ ಕಂತಿನ ಉದ್ದವನ್ನು ಅದರ ಹಿಂದಿನ ಮೌನದ ಉದ್ದದ ಎದುರು ಗುರುತಿಸಿ ಒಂದು ನಕ್ಷೆ ಬರೆಯಿರಿ. ಅದೇ ಕಂತಿನ ಉದ್ದವನ್ನು ಅದರ ಮುಂದಿನ ಮೌನದ ಎದುರು ಇನ್ನೊಂದು ನಕ್ಷೆಯಲ್ಲಿ ಗುರುತಿಸಿ. ಮೊದಲನೆಯದರಲ್ಲಿ ಚುಕ್ಕಿಗಳು ಏರುಗೆರೆಯಾಗಿ ನಿಲ್ಲುತ್ತವೆ: ಮೌನ ದೀರ್ಘವಾದಷ್ಟೂ ಕಂತು ದೀರ್ಘ. ಎರಡನೆಯದರಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಮೊಗೆಯುವವರಿಗೆ ಇದು ಹೊಸತಲ್ಲ. ಮೊಗೆಯುವುದು ಯಾವಾಗಲೂ ಮರಳು ಕಾಣುವವರೆಗೆ. ಎಷ್ಟು ಕೊಡ ಸಿಕ್ಕಿತು ಎನ್ನುವುದು ಎಷ್ಟು ಹೊತ್ತು ಕಾದಿರಿ ಎಂಬುದರ ಮೇಲೆ ನಿಂತಿದೆ. ಮುಂದೆ ಎಷ್ಟು ಹೊತ್ತು ಕಾಯುತ್ತೀರಿ ಎನ್ನುವುದಕ್ಕೂ ಈಗ ಸಿಕ್ಕ ಕೊಡಗಳಿಗೂ ಸಂಬಂಧವಿಲ್ಲ. ಅಂದರೆ ಕಂತು ಮುಗಿಯುವುದು ಒಂದು ನಿಶ್ಚಿತ ಬಳಲಿಕೆಯ ಮಟ್ಟದಲ್ಲಿ, ಶುರುವಾಗುವುದು ಆಕಸ್ಮಿಕದಿಂದ. ಅದಕ್ಕೂ ಕಾರಣವಿದೆ. ಮೌನದಲ್ಲಿ ಸಿಡಿಯುತ್ತಿರುವ ಕೋಶಗಳು ಬೆರಳೆಣಿಕೆಯವು, ಒಂದೆರಡು ಹೆಚ್ಚಾದರೂ ಜಾಲ ಏಳಬಹುದು. ಕಂತಿನ ಕೊನೆಯಲ್ಲಾದರೆ ಅಸಂಖ್ಯ ಕೋಶಗಳು ಕೆಲಸದಲ್ಲಿವೆ, ಒಂದೊಂದರ ಏರುಪೇರು ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಈ ನಕ್ಷೆ ಬರೆಯಲು ಇಪ್ಪತ್ತು ಕಂತುಗಳಾದರೂ ಬೇಕು. ಹದಿನೈದು ನಿಮಿಷಕ್ಕೊಂದು ಎಂದರೆ ಅಡೆತಡೆಯಿಲ್ಲದ ಐದು ಗಂಟೆ. ಅಷ್ಟು ಹೊತ್ತಿನಲ್ಲಿ ತಾಪವೋ ಹುರಿಯ ಆರೋಗ್ಯವೋ ಮೆಲ್ಲಗೆ ಜಾರಿದರೆ ಕಂತು, ಮೌನ ಎರಡೂ ಒಟ್ಟಿಗೆ ಉದ್ದವಾಗುತ್ತಾ ಹೋಗಿ ಎರಡೂ ನಕ್ಷೆಗಳಲ್ಲಿ ಇಲ್ಲದ ಸಂಬಂಧ ಕಾಣುತ್ತದೆ. ಜಾರಿಕೆಯನ್ನು ಮೊದಲು ಕಳೆದು ಆಮೇಲೆ ಲೆಕ್ಕ ಹಾಕಬೇಕು. ಎರಡನೇ ನಕ್ಷೆಯಲ್ಲೂ ಏರುಗೆರೆ ಬಂತೆಂದರೆ ನನಗಂತೂ ಮೊದಲ ಅನುಮಾನ ಹೀಟರಿನ ಮೇಲೆ. ಬೇಕಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು: ಮೌನದ ನಡುವೆಯೇ ನರಕ್ಕೆ ಚಿಕ್ಕ ವಿದ್ಯುತ್ ಕೊಟ್ಟು ಕಂತನ್ನು ಬಲವಂತವಾಗಿ ಎಬ್ಬಿಸುವುದು. ಬೇಗ ಎಬ್ಬಿಸಿದರೆ ಚಿಕ್ಕ ಕಂತು, ತಡವಾಗಿ ಎಬ್ಬಿಸಿದರೆ ಉದ್ದದ ಕಂತು.

ಔಷಧಗಳ ಪ್ರಯೋಗ ಇನ್ನೂ ಬೆರಗಿನದು. ಗ್ಲುಟಮೇಟ್ ಮತ್ತು ಅಸಿಟೈಲ್‌ಕೋಲಿನ್ ಗ್ರಾಹಿಗಳನ್ನು, ಅಂದರೆ ಅವನ್ನು ಹಿಡಿಯುವ ಪ್ರೋಟೀನುಗಳನ್ನು, ಔಷಧದಿಂದ ಮುಚ್ಚಿಬಿಟ್ಟರೆ ಲಯ ನಿಲ್ಲುತ್ತದೆ. ಅರ್ಧ ಗಂಟೆ ನೋಡಿ ‘ಲಯಕ್ಕೆ ಗ್ಲುಟಮೇಟ್ ಬೇಕೇಬೇಕು’ ಎಂದು ಬರೆದರೆ ತಪ್ಪಾಗುತ್ತದೆ. ಒಂದು ಗಂಟೆಯ ಆಸುಪಾಸು ಕಾದರೆ, ಔಷಧ ಹರಿಯುತ್ತಿರುವಂತೆಯೇ ಲಯ ಮರಳುತ್ತದೆ, ಈಗ ಗಾಬಾ ಮತ್ತು ಗ್ಲೈಸಿನ್ ಬಲದಲ್ಲಿ. ತಿರುಗುಮುರುಗಾಗಿ ಬೈಕ್ಯುಕ್ಯುಲಿನ್, ಸ್ಟ್ರಿಕ್ನಿನ್ ಹಾಕಿ ಗಾಬಾ ಮತ್ತು ಗ್ಲೈಸಿನನ್ನು ಮುಚ್ಚಿದರೂ ಇದೇ ಕಥೆ. ಚುಬ್ ಮತ್ತು ಓಡೊನೊವನ್ 1998ರಲ್ಲಿ ವರದಿ ಮಾಡಿದ್ದು ಇದನ್ನೇ. ಹೀಗಾಗುವುದಕ್ಕೆ ಹೊಸ ಸಂಪರ್ಕವೇನೂ ಬೆಳೆಯಬೇಕಿಲ್ಲ. ಕಂತು ಬರದೆ ಮೌನ ಉದ್ದವಾದಷ್ಟೂ ಉಳಿದ ಸಿನಾಪ್ಸ್‌ಗಳು ಎಂದಿನ ಮಟ್ಟವನ್ನೂ ದಾಟಿ ಚೇತರಿಸಿಕೊಳ್ಳುತ್ತವೆ, ಕಡಿಮೆ ಸಂಪರ್ಕಗಳ ಕೊರತೆಯನ್ನು ಒಂದೊಂದರ ಹೆಚ್ಚಿದ ಬಲ ತುಂಬುತ್ತದೆ. ಮೇಲೆ ಹೇಳಿದ ಗಣಿತ ಮಾದರಿಯಲ್ಲೇ ಸಂಪರ್ಕದ ಪ್ರಮಾಣವನ್ನು ಒಮ್ಮೆಲೇ ಇಳಿಸಿ ನೋಡಿದರೆ ಇದೇ ನಡವಳಿಕೆ ಬರುತ್ತದೆ: ದೀರ್ಘ ಮೌನ, ಆಮೇಲೆ ಮರಳಿದ ಲಯ. ಇಂಥ ಜಾಲದ ಮೇಲೆ ಔಷಧ ಪ್ರಯೋಗಿಸುವವರು ಎರಡು ಗಂಟೆಯಾದರೂ ದಾಖಲಿಸದೆ ತೀರ್ಮಾನಕ್ಕೆ ಬರಬಾರದು.

ಎಲ್ಲ ಎಳೆಯ ಜಾಲಗಳೂ ಇದೇ ಅಚ್ಚಿನವು ಎಂದು ಮಾತ್ರ ಎಣಿಸಬಾರದು. ಜೀಬ್ರಾಮೀನಿನ ಭ್ರೂಣ 17ನೇ ಗಂಟೆಗೇ ಬಾಲ ಸುರುಳಿಸಲು ಶುರುಮಾಡಿ 19ನೇ ಗಂಟೆಗೆ ಸೆಕೆಂಡಿಗೊಮ್ಮೆಯ ವೇಗ ಮುಟ್ಟುತ್ತದೆ. ಅಲ್ಲಿ ಕೋಶಗಳು ವಿದ್ಯುತ್ ಸಂಧಿಗಳ ಮೂಲಕ ನೇರವಾಗಿ ಜೋಡಿಕೊಂಡಿರುತ್ತವೆ, ತಾವಾಗಿ ಮಿಡಿಯುವ ಕೋಶಗಳೂ ಇವೆ. ಇಲಿಮರಿಯ ರೆಟಿನಾದಲ್ಲಿ ಕಣ್ಣು ತೆರೆಯುವ ಮುಂಚೆಯೇ ನಿಮಿಷಕ್ಕೊಂದರಂತೆ ಅಲೆಗಳು ಹರಿಯುತ್ತವೆ. ಲೂಸಿಯಾ ಗಾಲಿ ಮತ್ತು ಲಂಬೆರ್ಟೊ ಮಫೇಯಿ 1988ರಲ್ಲಿ ಹುಟ್ಟುವ ಮುಂಚಿನ ಇಲಿಗಳಲ್ಲೇ ಈ ಚಟುವಟಿಕೆ ಹಿಡಿದರು. ರೆಟಿನಾದ ಸ್ಟಾರ್‌ಬರ್ಸ್ಟ್ ಕೋಶಗಳನ್ನು ನೆರೆಯವರಿಂದ ಬೇರ್ಪಡಿಸಿದರೂ ಅವು ಒಂಟಿಯಾಗಿ ಏರಿಳಿಯುತ್ತವೆ, ಪ್ರತಿ ಏರಿನ ಬಳಿಕ ಹಲವು ಸೆಕೆಂಡು ಕುಸಿದಿರುತ್ತವೆ. ಬಳಲಿಕೆ ಅಲ್ಲಿ ಸಿನಾಪ್ಸ್‌ನ ಬದಲು ಕೋಶದ ಪೊರೆಯಲ್ಲಿದೆ. ಯಾವ ಜಾಲ ಎದುರಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಖರ್ಚಾಗುತ್ತಿರುವುದು ಏನು, ಅದು ತುಂಬಿಕೊಳ್ಳಲು ಎಷ್ಟು ಹೊತ್ತು ಬೇಕು?

ಈ ಮಿಡಿತ ಬೆಳವಣಿಗೆಯ ಜೊತೆಗೆ ಬರುವ ಬರಿಯ ಸದ್ದಲ್ಲ ಎನ್ನುವುದಕ್ಕೆ ಪುರಾವೆ ಸಾಕಷ್ಟಿದೆ. 1962ರಲ್ಲಿ ಡ್ರಾಕ್‌ಮನ್ ಮತ್ತು ಕೂಲಂಬರ್ ಕೋಳಿ ಭ್ರೂಣಗಳನ್ನು ಕ್ಯುರಾರೆ ಕೊಟ್ಟು ಒಂದೆರಡು ದಿನ ನಿಶ್ಚಲವಾಗಿಟ್ಟಾಗ ಕೀಲುಗಳು ಸೆಟೆದು ಪಾದಗಳು ಸೊಟ್ಟಗಾದವು. ಕೀಲು ಕೀಲಾಗಿ ರೂಪುಗೊಳ್ಳಲು ಅಲುಗಾಟ ಬೇಕು. ಲ್ಯಾಂಡ್‌ಮೆಸರ್ ಮತ್ತು ಗಾರ್ಟ್ಜ್ ಹ್ಯಾನ್ಸನ್ 2004ರಲ್ಲಿ ಪಿಕ್ರೊಟಾಕ್ಸಿನ್ ಹಾಕಿ ಎಳೆಯ ಭ್ರೂಣದ ಲಯವನ್ನು ನಿಧಾನಗೊಳಿಸಿದಾಗ, ಚಾಲಕ ನರಗಳು ಕಾಲಿನ ಬೆನ್ನಕಡೆಗೆ ಹೋಗಬೇಕೋ ಹೊಟ್ಟೆಕಡೆಗೋ ಎನ್ನುವಲ್ಲೇ ದಾರಿ ತಪ್ಪಿದವು. ಎರಡು ವರ್ಷದ ನಂತರ ಲಯದ ವೇಗ ಹೆಚ್ಚಿಸಿ ನೋಡಿದರು. ಆ ಮೊದಲ ಕವಲಿನಲ್ಲಿ ನರಗಳು ಎಡವಲಿಲ್ಲ, ಮುಂದೆ ತಮ್ಮತಮ್ಮ ಸ್ನಾಯುವನ್ನು ಹುಡುಕುವಲ್ಲಿ ಎಡವಿದವು. ಲಯ ಇದ್ದರೆ ಸಾಲದು, ಸರಿಯಾದ ವೇಗದಲ್ಲಿರಬೇಕು. ಇನ್ನು ಲಿಡೊಕೇನ್ ಕೊಟ್ಟು ಎರಡು ದಿನ ಲಯವನ್ನು ಅಡಗಿಸಿದರೆ ಗ್ಲುಟಮೇಟ್ ಮತ್ತು ಗಾಬಾ ಸಿನಾಪ್ಸ್‌ಗಳೆರಡೂ ಬಲವಾಗುತ್ತವೆ ಎಂದು ಕಾರ್ಲೋಸ್ ಗೊನ್ಸಾಲೆಸ್ ಇಸ್ಲಾಸ್ ಮತ್ತು ವೆನ್ನರ್ 2006ರಲ್ಲಿ ತೋರಿಸಿದರು. ಜಾಲ ತನ್ನ ಮಿಡಿತವನ್ನು ತಾನೇ ಕಾಯ್ದುಕೊಳ್ಳುತ್ತದೆ, ನಿಮಿಷಗಳ ಅಳತೆಯಲ್ಲೂ, ದಿನಗಳ ಅಳತೆಯಲ್ಲೂ.

ಮೊಟ್ಟೆಯೊಳಗಿನ ಅಲುಗಾಟ ಸುಮಾರು 13ನೇ ದಿನ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಬೆಳೆಯುತ್ತಿರುವ ನರಕೋಶದಲ್ಲಿ ಕೆಸಿಸಿ2 ಎಂಬ ಇನ್ನೊಂದು ಪ್ರೋಟೀನು ಹೆಚ್ಚಿ, ಒಳಗಿನ ಕ್ಲೋರೈಡನ್ನು ಹೊರಹಾಕುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಒಳಗಿನ ಕ್ಲೋರೈಡ್ 10ಕ್ಕೆ ಇಳಿದಾಗ ಸಮತೋಲ ಮೈನಸ್ 70. ಈಗ ಗಾಬಾ ಕೋಶವನ್ನು ಮೈನಸ್ 60ರಿಂದ ಕೆಳಕ್ಕೆ ಎಳೆಯುತ್ತದೆ. ಒಮ್ಮೆ ಎದ್ದರೆ ಬಳಲುವವರೆಗೆ ನಿಲ್ಲಲಾರದಿದ್ದ ಜಾಲಕ್ಕೆ ತಡೆ ಸಿಕ್ಕಿದೆ, ಎಡಗಾಲು ಬಲಗಾಲುಗಳನ್ನು ಸರದಿಯಂತೆ ಆಡಿಸಲು ಅದೇ ಬೇಕು. 17ನೇ ದಿನದಿಂದ ಭ್ರೂಣದಲ್ಲಿ ಬೇರೆಯೇ ಬಗೆಯ ನಿಧಾನವಾದ, ಹೊಂದಾಣಿಕೆಯ ಚಲನೆಗಳು ಕಾಣತೊಡಗುತ್ತವೆ. ಕೊಕ್ಕನ್ನು ಮೊಟ್ಟೆಯ ದಪ್ಪ ತುದಿಯ ಗಾಳಿಗೂಡಿನ ಕಡೆಗೆ ತಿರುಗಿಸಿ, 21ನೇ ದಿನದ ಹೊತ್ತಿಗೆ ಚಿಪ್ಪೊಡೆದು ಹೊರಬರಲು ಮರಿ ಬಳಸುವುದು ಆ ಚಲನೆಗಳನ್ನು.